ಹಸುವಿಗೂ ಫೀಸಿಗೂ ಒಂದೇ ಬೇರು

ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ವರ್ಷ ಅಪ್ಪ ಒಂದು ಹಸು ಮಾರಿದರು. ಎರಡನೇ ಸೂಲಿನ ಹಸು, ಹೆಸರು ಗಂಗೆ. ಕೊಂಡವರು ಹೊಡೆದುಕೊಂಡು ಹೋಗಲು ಬಂದಾಗ ಅಜ್ಜಿ ಅದರ ಕೊರಳಿನ ಹಗ್ಗ ಬಿಚ್ಚಿ ತಾವೇ ಇಟ್ಟುಕೊಂಡರು. ಹಸು ಕೊಟ್ಟರೂ ಹಗ್ಗ ಕೊಡಬಾರದು ಅನ್ನೋದು ಅವರ ಲೆಕ್ಕ. ಮಾರನೇ ದಿನ ಆ ದುಡ್ಡು ಹಾಗೇ ಕಾಲೇಜಿನ ಕೌಂಟರಿಗೆ ಹೋಯಿತು. ನನ್ನ ಕೈಗೆ ಒಂದು ಫೀಸಿನ ರಸೀದಿ ಬಂತು.

ಹಸು ಹೋಯಿತು, ಫೀಸು ಕಟ್ಟಿದ್ದಾಯಿತು. ಊರಲ್ಲಿ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ. ಆದರೆ ಈ ಎರಡು ಪದಗಳು, ಹಸು ಮತ್ತು ಫೀಸು, ಒಂದೇ ಬೇರಿನಿಂದ ಹೊರಟು ಬೇರೆ ಬೇರೆ ದಾರಿ ಹಿಡಿದು ಬಂದವು ಅಂತ ಗೊತ್ತಾದದ್ದು ಬಹಳ ವರ್ಷ ಆದಮೇಲೆ. ಗೊತ್ತಾದ ದಿನದಿಂದ ಇದನ್ನು ಬರೆಯಬೇಕು ಅಂತ ಅನ್ನಿಸುತ್ತಲೇ ಇದೆ. ಇವತ್ತು ಕೂತಿದ್ದೇನೆ.

ಫೀಸಿನ ಕಡೆಯಿಂದ ಶುರು ಮಾಡ್ತೀನಿ. ಅದರ ಹಿಂದೆ ಇರುವ ಪದ ಫೆಹು. ಭಾಷೆಯ ಚರಿತ್ರೆ ಓದುವವರು ಇದರ ಮುಂದೆ ಒಂದು ನಕ್ಷತ್ರ ಹಾಕಿ *ಫೆಹು ಅಂತ ಬರೆಯುತ್ತಾರೆ. ನಕ್ಷತ್ರ ಯಾಕೆ ಅಂದರೆ, ಆ ಪದವನ್ನು ಆಡುತ್ತಿದ್ದ ಜನ ಅದನ್ನು ಬರೆದಿಟ್ಟದ್ದು ನಮಗೆ ಎಲ್ಲೂ ಸಿಕ್ಕಿಲ್ಲ. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಈಗಿನ ಡೆನ್ಮಾರ್ಕ್, ಸ್ವೀಡನ್ನಿನ ದಕ್ಷಿಣ ಭಾಗ, ಉತ್ತರ ಜರ್ಮನಿ, ಈ ಪ್ರದೇಶದಲ್ಲಿ ಇದ್ದವರ ಮಾತು ಅದು. ಮೂಲ ಜರ್ಮಾನಿಕ್ ಅಂತ ಅದಕ್ಕೆ ಹೆಸರು. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಎಲ್ಲವೂ ಅದರ ಮಕ್ಕಳು ಮೊಮ್ಮಕ್ಕಳು. ಮಕ್ಕಳ ಮುಖ ನೋಡಿ ಸತ್ತುಹೋದ ಅಜ್ಜಿಯ ಮುಖ ಬಿಡಿಸಿದ ಹಾಗೆ, ಈ ಎಲ್ಲಾ ಭಾಷೆಗಳ ಪದಗಳನ್ನು ಪಕ್ಕಪಕ್ಕ ಇಟ್ಟು ಹಳೆಯ ಪದವನ್ನು ಕಟ್ಟಿ ನಿಲ್ಲಿಸುತ್ತಾರೆ.

ಇದೆಲ್ಲ ಬರೀ ಊಹೆ ಅಲ್ವಾ ಅಂತ ಮೊದಲು ನನಗೂ ಅನ್ನಿಸಿತ್ತು. ಆ ಅನುಮಾನ ಬಿಟ್ಟದ್ದು ಫಿನ್‌ಲ್ಯಾಂಡಿನಿಂದ. ರಾಜನಿಗೆ ಇಂಗ್ಲಿಷಲ್ಲಿ ಕಿಂಗ್, ಜರ್ಮನ್ನಲ್ಲಿ ಕೋನಿಗ್, ಸ್ವೀಡಿಷಲ್ಲಿ ಕುಂಗ್. ಇವುಗಳಿಂದ ಲೆಕ್ಕ ಹಾಕಿದರೆ ಮೂಲ ಪದ ಕುನಿಂಗಜ್ ಅಂತ ಇರಬೇಕು. ಫಿನ್ನಿಷ್ ಈ ಕುಟುಂಬದ ಭಾಷೆಯೇ ಅಲ್ಲ, ಆದರೆ ಪಕ್ಕದ ಮನೆಯವರಿಂದ ಈ ಪದವನ್ನು ಎರಡು ಸಾವಿರ ವರ್ಷದಷ್ಟು ಹಿಂದೆಯೇ ಸಾಲ ತಗೊಂಡಿತ್ತು. ಅಲ್ಲಿ ಇವತ್ತಿಗೂ ರಾಜನಿಗೆ ಕುನಿಂಗಾಸ್ ಅನ್ನುತ್ತಾರೆ. ಮನೆಮಕ್ಕಳೆಲ್ಲ ಸವೆಸಿ ಕಳೆದುಕೊಂಡ ಬಾಲವನ್ನು ಪಕ್ಕದ ಮನೆಯವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಈಗ ಫೆಹುವಿನ ಮಕ್ಕಳನ್ನು ನೋಡಿ. ಜರ್ಮನ್ ರೈತ ದನಗಳಿಗೆ ಫೀ ಅನ್ನುತ್ತಾನೆ. ಬರೆಯುವಾಗ ಅವರ ವಿ ಅಕ್ಷರದಿಂದ ಶುರುಮಾಡಿ ಕೊನೆಗೆ ಒಂದು ಹೆಚ್ ಇಡುತ್ತಾರೆ, ಆದರೆ ಬಾಯಲ್ಲಿ ಬರುವುದು ಫೀ ಅಂತಲೇ. ಇಂಗ್ಲಿಷಿನ ಫೀ ಹೇಗೆ ಕೇಳುತ್ತದೋ ಥೇಟ್ ಹಾಗೇ. ಅಲ್ಲಿ ಕೊಟ್ಟಿಗೆಯಲ್ಲಿ ನಿಂತದ್ದು ಫೀ, ಇಲ್ಲಿ ಕೌಂಟರಲ್ಲಿ ಕಟ್ಟುವುದು ಫೀ. ಡಚ್ಚರಲ್ಲಿ ಫೇ, ದನವೇ. ಸ್ವೀಡಿಷಲ್ಲಿ ಫೆ, ಅದೂ ದನ, ಯಾರಾದರೂ ಮಂಕು ಅಂದರೆ ಅವರಿಗೂ ಅದೇ ಬೈಗುಳ. ನಾವು ದಡ್ಡನಿಗೆ ದನ ಅನ್ನುವುದಿಲ್ಲವೇ, ಹಾಗೆ.

ಇದೇ ಕುಟುಂಬದ, ಈಗ ಯಾರೂ ಆಡದ ಗಾಥಿಕ್ ಭಾಷೆಯ ಕಥೆಯೇ ಬೇರೆ. 4ನೇ ಶತಮಾನದಲ್ಲಿ ವುಲ್ಫಿಲಾ ಅನ್ನುವ ಬಿಷಪ್ ಬೈಬಲನ್ನು ತನ್ನ ಜನರ ಗಾಥಿಕ್ ಮಾತಿಗೆ ತಂದ. ಜರ್ಮಾನಿಕ್ ಭಾಷೆಗಳಲ್ಲಿ ನಮಗೆ ಸಿಕ್ಕಿರುವ ಅಷ್ಟು ದೊಡ್ಡ, ಅಷ್ಟು ಹಳೆಯ ಬರಹ ಇನ್ನೊಂದಿಲ್ಲ. ಅದರ ಒಂದು ಪ್ರತಿ, 6ನೇ ಶತಮಾನದ್ದು, ನೇರಳೆ ಬಣ್ಣದ ತೊಗಲಿನ ಮೇಲೆ ಬೆಳ್ಳಿಯ ಮಸಿಯಲ್ಲಿ ಬರೆದದ್ದು, ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಇದೆ. ಅದರಲ್ಲಿ ಈ ಪದ ಬಹುತೇಕ ಮೂಲದ ಹಾಗೇ, ಫೆಹು ಅಂತ, ಬರುತ್ತದೆ. ಆದರೆ ಅರ್ಥ ದನ ಅಲ್ಲ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂತ ಯೇಸು ಹೇಳಿದಾಗ ಸಪ್ಪೆ ಮುಖ ಮಾಡಿ ಹೊರಟುಹೋದ ಶ್ರೀಮಂತನ ಕಥೆ ಇದೆಯಲ್ಲ, ಅವನಿಗೆ 'ಬಹಳ ಫೆಹು' ಇತ್ತು ಅಂತ ವುಲ್ಫಿಲಾ ಬರೆದ. ಆಸ್ತಿ, ಹಣ. ದುಡ್ಡಿನಾಸೆಯವನಿಗೆ ಅವನ ಪದ ಫೆಹುಫ್ರಿಕ್ಸ್. ಅಂದರೆ ಗಾಥಿಕ್ ಬರಹದಲ್ಲಿ ಫೆಹು ಆಗಲೇ ಕೊಟ್ಟಿಗೆ ಬಿಟ್ಟು ಪೆಟ್ಟಿಗೆ ಸೇರಿತ್ತು.

ಹಳೆಯ ಇಂಗ್ಲಿಷಿನ ಫೆಓಹ್ ಎರಡೂ ಕಡೆ ಕಾಲಿಟ್ಟಿತ್ತು, ದನವೂ ಹೌದು, ದುಡ್ಡೂ ಹೌದು.

ಈ ಜರ್ಮಾನಿಕ್ ಜನರ ಹಳೆಯ ಲಿಪಿ ರೂನ್. ಅದರ ಅಕ್ಷರಮಾಲೆ ನಮ್ಮ ಹಾಗೆ ಅ ಆ ಇ ಈ ಅಂತ ಅಲ್ಲ, ಫ ಅಕ್ಷರದಿಂದ ಶುರುವಾಗುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಹೆಸರು. ಮೊದಲ ಅಕ್ಷರದ ಹೆಸರು ಇದೇ ಫೆಹು. ಒಂದು ನೆಟ್ಟ ಗೆರೆ, ಅದರ ಬಲಗಡೆಗೆ ಮೇಲಕ್ಕೆ ಚಾಚಿದ ಎರಡು ಗೆರೆ. ಮಕ್ಕಳಿಗೆ ನಾವು ಅ ಅಂದರೆ ಅರಸ, ಆ ಅಂದರೆ ಆನೆ ಅಂತ ಕಲಿಸುವ ಹಾಗೆ, ಅವರ ಬರವಣಿಗೆಯ ಬಾಗಿಲಲ್ಲೇ ದನ ನಿಂತಿತ್ತು. ಆ ಅಕ್ಷರಗಳ ಮೇಲೆ ಮುಂದೆ ಪದ್ಯಗಳೂ ಹುಟ್ಟಿದವು. ಇಂಗ್ಲೆಂಡಿನ ಪದ್ಯ ಫೆಓಹ್ ಎಲ್ಲರಿಗೂ ನೆಮ್ಮದಿ, ಆದರೆ ಅದನ್ನು ಕೈಬಿಚ್ಚಿ ಹಂಚಬೇಕು ಅನ್ನುತ್ತದೆ. ನಾರ್ವೆಯದ್ದು ನೆಂಟರ ಜಗಳಕ್ಕೆ ಅದೇ ಕಾರಣ ಅನ್ನುತ್ತದೆ. ಆಸ್ತಿ ಪಾಲಾಗುವುದನ್ನು ನೋಡಿದ ಯಾರಿಗಾದರೂ ಈ ಎರಡನೆಯ ಮಾತು ಬೇಗ ಅರ್ಥ ಆಗುತ್ತದೆ.

ದನವೇ ದುಡ್ಡು ಅನ್ನೋದು ಬರೀ ಪದದ ಆಟ ಅಲ್ಲ. ಕ್ರಿ.ಶ. 98ರ ಹೊತ್ತಿಗೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಈ ಜನರ ಬಗ್ಗೆ ಬರೆದದ್ದು ಹೀಗಿದೆ: ಅವರಿಗೆ ದನ ಎಷ್ಟಿವೆ ಅನ್ನೋದೇ ಸಂತೋಷ, ಅವರ ಪ್ರೀತಿಯ ಸಂಪತ್ತು ಅದೊಂದೇ. ತಪ್ಪು ಮಾಡಿದವನು ದಂಡವನ್ನು ಕುದುರೆ, ದನಗಳ ಲೆಕ್ಕದಲ್ಲಿ ಕಟ್ಟುತ್ತಿದ್ದ. ಕೊಲೆಗೂ ಇಷ್ಟು ದನ, ಇಷ್ಟು ಕುರಿ ಅಂತ ಪರಿಹಾರ ಇತ್ತು. ಇನ್ನು ಉತ್ತರ ಸಮುದ್ರದ ಕರಾವಳಿಯಲ್ಲಿ, ಫೆಡ್ಡರ್ಸೆನ್ ವೀರ್ಡೆ ಅನ್ನುವ ಜಾಗದಲ್ಲಿ ಅಗೆದಾಗ ಆ ಕಾಲದ ಉದ್ದುದ್ದ ಮನೆಗಳು ಸಿಕ್ಕವು. ಒಂದೇ ಸೂರು, ಒಂದು ತುದಿಯಲ್ಲಿ ಒಲೆ ಮತ್ತು ಜನ, ಇನ್ನೊಂದು ತುದಿಯಲ್ಲಿ ಸಾಲಾಗಿ ದನ ಕಟ್ಟುವ ಜಾಗ. ಅದರ ನಕ್ಷೆ ನೋಡಿದಾಗ ನನಗೆ ನಮ್ಮ ಹಳೇ ಮನೆಯೇ ಕಂಡಿತು. ರಾತ್ರಿ ಮಲಗಿದರೆ ಗೋಡೆಯಾಚೆ ಗಂಗೆ ಮೆಲುಕು ಹಾಕುವುದು ಕೇಳುತ್ತಿತ್ತು.

ಹಾಗಾದರೆ ನಮ್ಮ ಹಸು ಇಲ್ಲಿಗೆ ಹೇಗೆ ಬಂತು?

ಸಂಸ್ಕೃತದ ಪಶು, ಲ್ಯಾಟಿನ್ನಿನ ಪೆಕು ಮತ್ತು ಪೆಕುಸ್, ಜರ್ಮಾನಿಕ್ಕಿನ ಫೆಹು, ಈ ಮೂರೂ ಒಂದೇ ತಾಯಿಯ ಮಕ್ಕಳು. ಈ ಭಾಷೆಗಳಿಗೆಲ್ಲ ತಾಯಿಯಾದ, ಇನ್ನೂ ಹಿಂದಿನ ಇಂಡೋ ಯುರೋಪಿಯನ್ ಭಾಷೆಯ ಪದ ಪೆಕು. ಜರ್ಮಾನಿಕ್ ಜನರ ಬಾಯಲ್ಲಿ ಒಂದು ಕಾಲಕ್ಕೆ ಪ ಎಲ್ಲಾ ಫ ಆಯಿತು, ಕ ಎಲ್ಲಾ ಹ ಆಯಿತು. ಸಂಸ್ಕೃತದ ಪಾದ ಇಂಗ್ಲಿಷಲ್ಲಿ ಫುಟ್. ಪಿತೃ ಅಲ್ಲಿ ಫಾದರ್. ನಮ್ಮ ಶತ, ಲ್ಯಾಟಿನ್ನಿನ ಕೆಂಟುಮ್, ಇಂಗ್ಲಿಷಿನ ಹಂಡ್ರೆಡ್. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಇದನ್ನು ತೋರಿಸಿದ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಕಟ್ಟಿದ. ಹೌದು, ತಮ್ಮನ ಜೊತೆ ಮಕ್ಕಳ ಕಥೆಗಳನ್ನು ಕೂಡಿಸಿದ ಅದೇ ಗ್ರಿಮ್. ಈ ನಿಯಮವನ್ನು ಪೆಕು ಮೇಲೆ ಹಾಕಿ ನೋಡಿ. ಪ ಜಾಗದಲ್ಲಿ ಫ, ಕ ಜಾಗದಲ್ಲಿ ಹ. ಫೆಹು. ಒಂದು ಅಕ್ಷರವೂ ತಪ್ಪುವುದಿಲ್ಲ.

ಇಂಥ ಬದಲಾವಣೆ ಯಾಕೆ ಸಾಲುಸಾಲಾಗಿ ಆಗುತ್ತದೆ ಅಂತ ಬೇರೆ ಭಾಷೆಯವರಿಗೆ ವಿವರಿಸಲು ಕಷ್ಟ ಪಡಬೇಕು. ಕನ್ನಡದವರಿಗೆ ಕಷ್ಟವೇ ಇಲ್ಲ, ನಮ್ಮ ಮನೆಯಲ್ಲೇ ಆಗಿದೆ. ಹಳಗನ್ನಡದ ಪಾಲು ಈಗ ಹಾಲು. ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು, ಪೂ ಹೂವಾಯಿತು. ತಮಿಳರು ಈಗಲೂ ಪಾಲ್, ಪುಲಿ, ಪಲ್, ಪೂ ಅನ್ನುತ್ತಾರೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಪದದ ಮೊದಲಿಗೆ ಬರುವ ಪ ಸಡಿಲಾಗುತ್ತಾ ಹೋಯಿತು, ಮನೆಮಾತಿನ ಪದಗಳೆಲ್ಲ ಒಟ್ಟಿಗೆ ಬದಲಾದವು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪಶು ಕೊಟ್ಟಿಗೆಯಲ್ಲಿ ದಿನಾ ಬಳಸುವ ಪದವಾಗಿ ಪಸು ಅಂತ ಆಗಿತ್ತು. ಆ ಗಾಳಿ ಬೀಸಿದಾಗ ಅದೂ ಸಿಕ್ಕಿಹಾಕಿಕೊಂಡಿತು. ಪಸು ಹಸು ಆಯಿತು.

ಸ್ವಲ್ಪ ನಿಲ್ಲಿ ಇಲ್ಲಿ. ಒಂದೇ ಪದ. ಉತ್ತರ ಯುರೋಪಿನಲ್ಲಿ ಅದರ ಪ ಸಡಿಲಾಗಿ ಫೆಹು. ಅದಾಗಿ ಸಾವಿರ ವರ್ಷಕ್ಕೂ ಜಾಸ್ತಿ ಆದಮೇಲೆ, ಸಾವಿರಾರು ಮೈಲಿ ದೂರದಲ್ಲಿ, ಸಂಬಂಧವೇ ಇಲ್ಲದ ಇನ್ನೊಂದು ಭಾಷೆಯ ಬಾಯಲ್ಲಿ ಅದರ ಪ ಮತ್ತೆ ಸಡಿಲಾಗಿ ಹಸು. ನನಗೆ ನಿದ್ದೆ ಕೆಡಿಸಿದ್ದು ಇದು. ಆಮೇಲೆ ಓದಿದವರು ಪಶು ಅನ್ನುವ ಹಳೇ ರೂಪವನ್ನೂ ಬಿಡದೆ ಇಟ್ಟುಕೊಂಡರು, ಹಾಗಾಗಿ ಪಶುವೈದ್ಯರು ಬಂದು ಹಸು ನೋಡುತ್ತಾರೆ. ಇಂಗ್ಲಿಷಲ್ಲೂ ಹೀಗೇ ಆಗಿದೆ. ಫೀ ಅವರಲ್ಲಿ ಇತ್ತು, ಮೇಲಿನಿಂದ ಲ್ಯಾಟಿನ್ನಿನ ಪೆಕುನಿಯಾ, ಅಂದರೆ ಹಣ, ಅದರಿಂದ ಪೆಕ್ಯೂನಿಯರಿ ಬಂತು. ಪೆಕ್ಯೂಲಿಯರ್ ಕೂಡ ಇದೇ ಮನೆಯದ್ದು. ರೋಮಿನಲ್ಲಿ ಮಗನಿಗೋ ಆಳಿಗೋ ಸ್ವಂತಕ್ಕೆ ಅಂತ ಬಿಟ್ಟುಕೊಟ್ಟ ಚೂರು ಆಸ್ತಿಗೆ ಪೆಕುಲಿಯಂ ಅನ್ನುತ್ತಿದ್ದರು. ಅವನಿಗೆ ಮಾತ್ರ ಸೇರಿದ್ದು, ಅವನಲ್ಲಿ ಮಾತ್ರ ಇರುವುದು, ಬೇರೆಯವರಲ್ಲಿ ಇಲ್ಲದ್ದು, ಕೊನೆಗೆ ವಿಚಿತ್ರವಾದದ್ದು, ಹೀಗೆ ಅರ್ಥ ಜಾರಿತು.

ಫೀಸಿನ ದಾರಿ ಮಾತ್ರ ನೇರ ಇಲ್ಲ. ಹಳೆಯ ಇಂಗ್ಲಿಷಿನ ಫೆಓಹ್ ಸವೆದು ಫೀ ಆಯಿತು ಅಂತ ಸುಮ್ನೆ ಹೇಳಿಬಿಡಬಹುದು, ಎಷ್ಟೋ ಜನ ಹಾಗೇ ಹೇಳುತ್ತಾರೆ. ಆದರೆ ಈಗಿನ ಅರ್ಥ ಬಂದದ್ದು ಫ್ರಾನ್ಸನ್ನು ಸುತ್ತಿಕೊಂಡು. ಫ್ರಾಂಕ್ ಜನರ ಜರ್ಮಾನಿಕ್ ಮಾತಿನ ಫೆಹು ಅಲ್ಲಿ ನೆಲದ ಜೊತೆ ಸೇರಿತು. ದೊರೆ ಚಾಕರಿಗೆ ಬದಲಾಗಿ ಬಿಟ್ಟುಕೊಟ್ಟ ಭೂಮಿಗೆ ಫೀಫ್ ಅಂತ ಹೆಸರಾಯಿತು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಫ್ಯೂಡಲ್ ಅನ್ನುವ ಪದವನ್ನೂ ಅಲ್ಲಿಂದಲೇ ಬಂದದ್ದು ಅನ್ನುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಾಗ ಅವರ ಜೊತೆ ಈ ಪದ ಫೀ ಆಗಿ ಕಡಲು ದಾಟಿತು. ಮೊದಲು ಭೂಮಿಯ ಹಕ್ಕು, ಆಮೇಲೆ ಅಧಿಕಾರಿಗೆ ಸಲ್ಲಬೇಕಾದ ಪಾಲು, ಆಮೇಲೆ ವಕೀಲರಿಗೆ, ವೈದ್ಯರಿಗೆ, ಶಾಲೆಗೆ ಕೊಡುವ ದುಡ್ಡು. ಅಲ್ಲಿಂದ ಅವರ ಬಹುವಚನ ಫೀಸ್ ನಮ್ಮ ಬಾಯಿಗೆ ಬಿದ್ದು, ಕೊನೆಗೆ ಒಂದು ಉಕಾರ ಹಚ್ಚಿಕೊಂಡು ಫೀಸು ಆಯಿತು. ದನದಿಂದ ಹಣಕ್ಕೆ, ಹಣದಿಂದ ನೆಲಕ್ಕೆ, ನೆಲದಿಂದ ರಸೀದಿಗೆ.

ಇನ್ನೊಂದು ಪದ ಬಿಡಲಾರೆ. ಫೆಲೋ. ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿ ಫೆಹುವಿನ ರೂಪ ಫೇ. ಅಲ್ಲಿ ಫೇಲಾಗಿ ಅಂದರೆ ತನ್ನ ಫೇಯನ್ನು ಇನ್ನೊಬ್ಬನ ಫೇ ಜೊತೆ ಇಟ್ಟವನು, ಬಂಡವಾಳ ಕೂಡಿಸಿದ ಪಾಲುದಾರ. ವೈಕಿಂಗ್ ಕಾಲದ ರೂನ್ ಕಲ್ಲುಗಳಲ್ಲಿ ಸತ್ತ ಫೇಲಾಗಿಯ ನೆನಪಿಗೆ ಅಂತ ಕೆತ್ತಿಸಿದ ಸಾಲುಗಳು ಇವೆ. ಒಟ್ಟಿಗೆ ಹಡಗು ಹತ್ತಿದವರು, ಲಾಭ ನಷ್ಟ ಹಂಚಿಕೊಂಡವರು. ಆ ಪದ ಇಂಗ್ಲಿಷಿಗೆ ಹೋಗಿ ಫೆಲೋ ಆಯಿತು. ಇವತ್ತು ನಮ್ಮ ಪಿಎಚ್‌ಡಿ ಹುಡುಗರು ಫೆಲೋಶಿಪ್ ಇನ್ನೂ ಬಂದಿಲ್ಲ ಅಂತ ಕಾಯುವಾಗ ಆ ಪದದ ಹೊಟ್ಟೆಯೊಳಗೆ ಒಂದು ದನ ಇದೆ.

ಈ ಕುಟುಂಬದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಐಸ್‌ಲ್ಯಾಂಡಿನ ಪದ. 9ನೇ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯಿಂದ ಹೋಗಿ ನೆಲೆಸಿದವರು ಕುರಿ, ದನ, ಕುದುರೆಗಳನ್ನು ಹಡಗಿನಲ್ಲಿ ಹೇರಿಕೊಂಡು ಹೋದರು. ಅಲ್ಲಿ ಫೆಹು ಈಗ ಫ್ಯೇ. ಅರ್ಥ ಇವತ್ತಿಗೂ ಎರಡು: ಕುರಿಮಂದೆ, ಮತ್ತು ಹಣ. ವಾಕ್ಯದೊಳಗೆ ಅದು ಫ್ಯೌರ್ ಅಂತ ರೂಪ ಬದಲಿಸುತ್ತದೆ. ಕುರಿ ಕಾಯುವ ನಾಯಿಯ ಹೆಸರಲ್ಲಿ ಫ್ಯೌರ್ ಇದೆ, ಕುರಿದೊಡ್ಡಿಯ ಹೆಸರಲ್ಲಿ ಇದೆ, ಹಣಕಾಸು ಮಂತ್ರಿಯ ಹೆಸರಲ್ಲೂ ಅದೇ ಇದೆ. ದೇಶದ ಬಜೆಟ್ಟಿಗೆ ಅವರು ಫ್ಯೌರ್‌ಲೋಗ್ ಅನ್ನುತ್ತಾರೆ, ಫ್ಯೇ ಬಗ್ಗೆ ಕಾನೂನು ಅಂತ. ಇನ್ನೂ ಚೆಂದದ್ದು ಕೇಳಿ. ಫ್ಯೌರ್‌ಹಿರ್ದಿರ್ ಅಂದರೆ ಕುರುಬ. ಫ್ಯೇಹಿರ್ದಿರ್ ಅಂದರೆ ಸಂಘದ ಖಜಾಂಚಿ. ಕೂಡಿಸಿದ ಪದಗಳು ಅವೇ, ಕಾಯುವುದೂ ಅದೇ, ಒಬ್ಬನ ಕೈಯಲ್ಲಿ ಕೋಲು, ಇನ್ನೊಬ್ಬನ ಕೈಯಲ್ಲಿ ಲೆಕ್ಕದ ಪುಸ್ತಕ.

ಇಷ್ಟೆಲ್ಲ ನೋಡಿದ ಮೇಲೆ ದನವೇ ಮೊದಲು, ಹಣ ಆಮೇಲೆ ಅಂತ ಅನ್ನಿಸುತ್ತದೆ. ರೋಮಿನ ವಿದ್ವಾಂಸ ವರ್ರೋ ಕೂಡ ಪೆಕುನಿಯಾ ಬಂದದ್ದು ಪೆಕುಸಿನಿಂದ ಅಂತಲೇ ಬರೆದ. ಕೆಲವರು ಇನ್ನೂ ಹಿಂದಕ್ಕೆ ಹೋಗಿ, ಉಣ್ಣೆ ಬಾಚುವುದು ಅನ್ನುವ ಅರ್ಥದ ಧಾತುವಿನಿಂದ ಇದು ಹುಟ್ಟಿತು, ಹಾಗಾಗಿ ಮೊದಲು ಅದು ಕುರಿಯೇ ಇರಬೇಕು ಅನ್ನುತ್ತಾರೆ. ಕುರ್ದಿಷ್ ಭಾಷೆಯ ಪೆಜ್, ಕಾಕಸಸ್ ಪರ್ವತದ ಒಸ್ಸೆಟಿಕ್ ಭಾಷೆಯ ಫಿಸ್, ಎರಡೂ ಇದೇ ಪದದ ಮಕ್ಕಳು, ಎರಡಕ್ಕೂ ಅರ್ಥ ಕುರಿಯೇ.

ಆದರೆ ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ಟ್ 1969ರಲ್ಲಿ ಇದನ್ನು ತಿರುಗಿಸಿ ಹಾಕಿದ. ಮೊದಲ ಅರ್ಥ ದನ ಅಲ್ಲ, ಎತ್ತಿಕೊಂಡು ಹೋಗಬಹುದಾದ, ಹೊಡೆದುಕೊಂಡು ಹೋಗಬಹುದಾದ ಸ್ವತ್ತು, ಜಾನುವಾರು ಅದರೊಳಗೆ ಒಂದು ಬಗೆ ಅಂತ ಅವನ ವಾದ. ಅದಕ್ಕೆ ಅವನು ಕೊಟ್ಟ ಒಂದು ಆಧಾರ ವೇದದ್ದು. ಅಥರ್ವವೇದದಲ್ಲಿ ಐದು ಪಶುಗಳನ್ನು ಎಣಿಸುವಾಗ ಹಸು, ಕುದುರೆ, ಆಡು, ಕುರಿ ಜೊತೆ ಮನುಷ್ಯನನ್ನೂ ಸೇರಿಸಿದ್ದಾರೆ. ಹಳೇ ಐಸ್‌ಲ್ಯಾಂಡಿಕ್ ಬರಹದಲ್ಲಿ ಜಾನುವಾರು ಅಂತ ಖಚಿತವಾಗಿ ಹೇಳಬೇಕಾದರೆ 'ಜೀವ ಇರುವ ಫೇ' ಅಂತ ಸೇರಿಸಿ ಹೇಳುತ್ತಿದ್ದರು. ಬರೀ ಫೇ ಅಂದರೆ ದನವೇ ಆಗಿದ್ದರೆ ಹಾಗೆ ಸೇರಿಸುವ ಅಗತ್ಯ ಏನಿತ್ತು?

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ಇದನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ, ಕಾರಣ ಕನ್ನಡದ ದನ. ಇದು ಸಂಸ್ಕೃತದ ಧನದ ತದ್ಭವ. ಸಂಪತ್ತು ಅನ್ನುವ ಪದ ನಮ್ಮಲ್ಲಿ ನಾಲ್ಕು ಕಾಲು ಪಡೆದು ಕೊಟ್ಟಿಗೆಗೆ ಬಂತು. ಇಂಗ್ಲಿಷಿನ ಕ್ಯಾಟಲ್ ಕೂಡ ಹೀಗೇ, ಅದು ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ಕಪಿತಾಲೆ, ಅಂದರೆ ಬಂಡವಾಳ ಅನ್ನುವ ಕ್ಯಾಪಿಟಲ್ ಇದೆಯಲ್ಲ ಅದರ ಅಕ್ಕ. ಹಣವೇ ದನ ಆದ ಉದಾಹರಣೆಗಳು ಇವು. ತಮಿಳಿನ ಮಾಡು ಅಂದರೆ ದನ, ಹಳೇ ತಮಿಳಲ್ಲಿ ಅದಕ್ಕೆ ಸಂಪತ್ತು ಅಂತಲೂ ಅರ್ಥ. ನಮ್ಮ ಊರ ಕಡೆಯ ವೀರಗಲ್ಲುಗಳಲ್ಲಿ ತುರುಗೊಳ್ ಅನ್ನುವ ಮಾತು ಬರುತ್ತದೆ. ತುರು ಅಂದರೆ ದನ. ಶತ್ರುಗಳು ಹೊಡೆದುಕೊಂಡು ಹೋದ ದನ ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಅವು. ನಾಲ್ಕು ಹಸುವಿಗೆ ಯಾರಾದರೂ ಪ್ರಾಣ ಕೊಡುತ್ತಾರಾ ಅಂತ ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಊರಿಗೆ ಊರೇ ಕೂಡಿಟ್ಟ ಆಸ್ತಿ ಅದು ಅಂತ ಯೋಚಿಸಿರಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಜಗುಲಿಯಲ್ಲಿ ಕೂತು ಪೂರ್ತಿ ಕೇಳಿದರು. ಗ್ರಿಮ್, ವುಲ್ಫಿಲಾ ಬಗ್ಗೆ ಏನೂ ಕೇಳಲಿಲ್ಲ.

"ಆ ಐಸ್‌ಲ್ಯಾಂಡಿನವರು ಕುರಿ ಮಾತ್ರ ಸಾಕ್ತಾರಾ? ಹಸು ಇಲ್ವಾ?"

"ಇದೆ ಅಪ್ಪ. ಮೊದಲು ಹೋದವರು ತಗೊಂಡು ಹೋದ ತಳಿಯೇ ಇನ್ನೂ ಇದೆ. ಹಸುವಿಗೆ ಅವರು ಕೀರ್ ಅಂತಾರೆ. ಅದು ನಮ್ಮ ಗೋ, ಗೋವು ಅನ್ನೋ ಪದದ ಸಂಬಂಧಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಷ್ಟು ಹಾಲು ಕೊಡುತ್ತೆ?" ಅಂತ ಕೇಳಿದರು.